ನೀಲಿ ಅಂದ್ರೆ ನೀಲಿ

ಫೆಬ್ರುವರಿ ೪

ಮಗಳೇ,

ಫೋನು ಬೇಡ, ಕಾಗದ ಬರಿ ಎಂದವಳು ನಾನೇ. ಕಂಪ್ರೆಸರಿನ ಪಕ್ಕದಲ್ಲಿ ಆಯಸ್ಸು ಕಳೆದ ಕಿವಿ ಇದು. ಫೋನಿನಲ್ಲಿ ನಿನ್ನ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದ ಅರ್ಧದಲ್ಲಿ ನೀನು ಬಯ್ಯುತ್ತಿರುತ್ತೀಯ. ಕಾಗದವಾದರೆ ಬೈಗುಳವನ್ನು ನಿಧಾನವಾಗಿ ಓದಬಹುದು. ಸಿಟ್ಟು ಬಂದರೆ ಮಡಿಚಿ ಥಿನ್ನರ್ ಡಬ್ಬಿಯ ಕೆಳಗೆ ಇಡಬಹುದು.

ಈ ವಾರ ಅಂಗಡಿಯ ಮುಂದೆ ನಡೆದದ್ದನ್ನು ಕೇಳು. ಬೇಕರಿಯವರ ನೀಲಿ ವ್ಯಾನಿನ ಬಾಗಿಲಿಗೆ ಯಾರೋ ಗುದ್ದಿದ್ದರು. ನಿನ್ನ ಚಿಕ್ಕಪ್ಪ ತಗ್ಗನ್ನು ತಟ್ಟಿ ನೆಟ್ಟಗೆ ಮಾಡಿಟ್ಟು, ಹಲ್ಲು ಕೀಳಿಸಿಕೊಳ್ಳಲು ಹೋದ. ಆಮೇಲೆ ಪುಟ್ಟಿ ಹಚ್ಚಿ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಬೆರೆಸಿದ್ದೆಲ್ಲ ನಾನು. ಯಾವತ್ತಿನಂತೆ ಬಣ್ಣ ಹೋಲಿಸಲು ಅದೇ ವ್ಯಾನಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ ತಂದು ಪಕ್ಕದಲ್ಲಿಟ್ಟುಕೊಂಡೆ. ಛಾಯೆ ಬದಲಿಸುವ ಟಿಂಟನ್ನು ಹನಿ ಹನಿ ಸೇರಿಸಿ, ಪರೀಕ್ಷೆಯ ಕಾರ್ಡಿನ ಮೇಲೆ ಹೊಡೆದು ಒಣಗಿಸಿ, ಮುಚ್ಚಳಕ್ಕೂ ಕಾರ್ಡಿಗೂ ಭೇದ ಕಾಣದಷ್ಟು ಹೊಂದಿಸಿದೆ. ನಿನ್ನ ಅಪ್ಪ ಇದ್ದಾಗಲೂ ಬಣ್ಣದ ಡಬ್ಬಿ ನನ್ನದೇ, ಅವರು ಹೋದ ಮೇಲೂ ನನ್ನದೇ. "ಇವಳ ಕಣ್ಣಲ್ಲಿ ತಕ್ಕಡಿ ಇದೆ" ಎಂದು ಅವರು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದದ್ದು ನಿನಗೂ ನೆನಪಿರಬೇಕು.

ಬೇಕರಿಯವರು ವ್ಯಾನನ್ನು ಬಿಸಿಲಿಗೆ ತೆಗೆದು ನಿಲ್ಲಿಸಿ, "ಮೇಡಂ, ಬಾಗಿಲು ಹಸಿರಾಗಿದ್ಯಲ್ಲ!" ಎಂದರು. ತಮಾಷೆ ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ.

"ನೀಲಿ ಅಂದ್ರೆ ನೀಲಿ. ನಿಮ್ಮ ಕಣ್ಣಿಗೆ ಮೈದಾ ಹಿಟ್ಟು ಬಿದ್ದಿದೆ, ತೊಳ್ಕೊಂಡು ಬನ್ನಿ" ಎಂದೆ.

ಟೈರ್ ಅಂಗಡಿಯವನು ಬಂದು ಬಗ್ಗಿ ನೋಡಿ, "ಹಸಿರೇ ಅಕ್ಕಾ" ಎಂದ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು, ಯಾರೂ ಕೇಳದಿದ್ದರೂ, ಹೌದು ಹೌದು ಎಂದಳು. ಎದುರಂಗಡಿಯ ಪೇಂಟರ್ ಕೈಕಟ್ಟಿ ನಿಂತು ಹಲ್ಲು ಕಿರಿಯುತ್ತಿದ್ದ. ಇದೆಲ್ಲ ಅವನದೇ ಕಿತಾಪತಿ. ನಾನು ಬಿಡಲಿಲ್ಲ, ಬೀದಿಯಲ್ಲೇ ನಿಂತು ಎಲ್ಲರಿಗೂ ಮಂಗಳಾರತಿ ಮಾಡಿದೆ. ಬೇಕರಿಯವರು ವ್ಯಾನು ಹತ್ತಿ ಹೋದರು.

ಇದರ ಜೊತೆ ಒಂದು ಕಾರ್ಡು ಇಟ್ಟಿದ್ದೇನೆ. ಹಿಂದೆ ಅವರ ವ್ಯಾನಿಗೆ ಪೂರ್ತಿ ಬಣ್ಣ ಹೊಡೆದಾಗಿನ ಡಬ್ಬಿಯ ತಳದಲ್ಲಿ ಒಂದು ಚಮಚದಷ್ಟು ಉಳಿದಿತ್ತು. ಎಡಗಡೆ ಹಚ್ಚಿರುವುದು ಅದು. ಬಲಗಡೆಯದು ನಾನು ಈಗ ಬೆರೆಸಿದ್ದು. ನೋಡಿ ಬರಿ. ನಿನ್ನ ಉತ್ತರವನ್ನು ದೊಡ್ಡದಾಗಿ ಬರೆಸಿ ಎದುರಂಗಡಿಯವನ ಮೂಗಿನ ಮುಂದೆ ತೂಗುಹಾಕುತ್ತೇನೆ.

ಸಕ್ಕರೆಯ ಬಗ್ಗೆ ಕೇಳಬೇಡ. ಅದು ಹದ್ದುಬಸ್ತಿನಲ್ಲಿದೆ. ನೀನು ಕಳಿಸಿದ ಬೆರಳು ಚುಚ್ಚುವ ಯಂತ್ರ ಪೆಟ್ಟಿಗೆಯಲ್ಲೇ ಸುಖವಾಗಿದೆ. ಸ್ಪ್ರೇ ಗನ್ ಒತ್ತುವ ಬೆರಳನ್ನು ನಾನು ಯಾರಿಗೂ ಚುಚ್ಚಲು ಕೊಡುವುದಿಲ್ಲ.

ನಿನ್ನ ಅಮ್ಮ


ಫೆಬ್ರುವರಿ ೧೧

ಅಮ್ಮಾ,

ಕಾರ್ಡನ್ನು ಮೊದಲು ನಮ್ಮ ಮನೆಯ ಕಿಟಕಿಯ ಹತ್ತಿರ ನೋಡಿದೆ. ಆಮೇಲೆ ಕೆಲಸಕ್ಕೆ ತೆಗೆದುಕೊಂಡು ಹೋಗಿ, ನಾನು ನಡೆಸುವ ಕ್ರೇನಿನ ಕ್ಯಾಬಿನ್ನಿನಲ್ಲಿ ಬಿಸಿಲಿಗೆ ಹಿಡಿದು ನೋಡಿದೆ. ಕೆಳಗಿಳಿದು ಬಂದರಿನಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿದೆ. ನೀನು ನನ್ನನ್ನು ಬೈದರೂ ಸರಿ, ಸುಳ್ಳು ಬರೆಯಲು ಕೈ ಬರುತ್ತಿಲ್ಲ. ಎಡಗಡೆಯದು ನೀಲಿ. ಬಲಗಡೆಯದು ಹಸಿರು. ನೀರಿನ ತೊಟ್ಟಿಯ ಗೋಡೆಗೆ ಪಾಚಿ ಕಟ್ಟುತ್ತದಲ್ಲ, ಆ ಹಸಿರು.

ಎದುರಂಗಡಿಯವನ ಕಿತಾಪತಿ ಇಲ್ಲಿಯವರೆಗೆ ಬರಲಾರದು ಅಮ್ಮಾ.

ನಮ್ಮ ಕೆಲಸದಲ್ಲಿ ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಬಣ್ಣ ಗುರುತಿಸುವುದೂ ಇದೆ. ಪರೀಕ್ಷೆ ಮಾಡುವ ನರ್ಸಿನ ಹತ್ತಿರ ಹೋಗಿ ಕಾರ್ಡು ತೋರಿಸಿ ನಿನ್ನ ಕಥೆ ಹೇಳಿದೆ. ಆಕೆ ಕೇಳಿದ ಮೊದಲ ಪ್ರಶ್ನೆಯೇ, "ನಿಮ್ಮಮ್ಮಂಗೆ ಶುಗರ್ ಇದೆಯಾ?" ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ನೀಲಿ ಹಸಿರು ಒಂದಕ್ಕೊಂದು ಬೆರೆತಂತೆ ಕಾಣುತ್ತದಂತೆ, ತಿಳಿ ಹಳದಿ ಬಿಳಿಯಂತೆ ಕಾಣುತ್ತದಂತೆ. ಅಕ್ಷರ ಓದಲು ತೊಂದರೆ ಬರುವುದಕ್ಕಿಂತ ಮೊದಲೇ ಹೀಗಾಗಬಹುದಂತೆ. ನಿಧಾನಕ್ಕೆ ಆಗುವುದರಿಂದ ಅವರಿಗೆ ಗೊತ್ತೇ ಆಗುವುದಿಲ್ಲವಂತೆ.

ಒಂದು ಮಾತು ಕೇಳುತ್ತೇನೆ, ಸಿಡುಕದೆ ಹೇಳು. ಯಂತ್ರ ಪೆಟ್ಟಿಗೆಯಲ್ಲೇ ಇದ್ದರೆ, ಸಕ್ಕರೆ ಹದ್ದುಬಸ್ತಿನಲ್ಲಿದೆ ಎಂದು ನಿನಗೆ ಹೇಗೆ ಗೊತ್ತು?

ನಿನ್ನ ಮಗಳು


ಫೆಬ್ರುವರಿ ೧೭

ಮಗಳೇ,

ನಿನ್ನ ಕಾಗದ ಥಿನ್ನರ್ ಡಬ್ಬಿಯ ಕೆಳಗೆ ಹೋಗಿ ಮೂರು ಸಲ ವಾಪಸು ಬಂದಿದೆ. ಹೆತ್ತ ಮಗಳೇ ಎದುರು ಪಾರ್ಟಿ ಸೇರಿದರೆ ಯಾರಿಗೆ ಹೇಳಲಿ? ಕಾರ್ಡು ಅಂಚೆಯಲ್ಲಿ ಬಿಸಿಗೆ ಬಾಡಿರಬೇಕು. ಇಲ್ಲವಾದರೆ ಟಿಂಟ್ ಕಂಪನಿಯವರು ಹೊಸ ಡಬ್ಬಿಯಲ್ಲಿ ಏನೋ ಮೋಸ ಮಾಡಿದ್ದಾರೆ. ಕಂಪನಿಗೆ ಖಾರವಾಗಿ ಬರೆದಿದ್ದೇನೆ. ಮೇಲಿನ ಟ್ಯೂಬ್‌ಲೈಟನ್ನೂ ಬದಲಾಯಿಸಿದೆ.

ಸಕ್ಕರೆ ಹೇಗೆ ಗೊತ್ತು ಎಂದು ಕೇಳಿದ್ದೀಯ. ಮೆಡಿಕಲ್ ಶಾಪಿನಲ್ಲಿ ಮೂತ್ರಕ್ಕೆ ಅದ್ದುವ ಪಟ್ಟಿಗಳು ಸಿಗುತ್ತವೆ. ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಪಟ್ಟಿಯ ತುದಿಯನ್ನು ಡಬ್ಬಿಯ ಮೈಮೇಲಿರುವ ಬಣ್ಣದ ಚೌಕಗಳ ಪಕ್ಕ ಹಿಡಿದು ಹೊಂದಿಸಬೇಕು. ನೀಲಿಯಾಗಿಯೇ ಇದ್ದರೆ ಸಕ್ಕರೆ ಇಲ್ಲ, ಹಸಿರಾದರೆ ಇದೆ, ಕಂದು ಬಣ್ಣವಾದರೆ ಜೋರಾಗಿದೆ. ಎಂಥ ಸೊಗಸಾದ ಪರೀಕ್ಷೆ! ಸೂಜಿ ಇಲ್ಲ, ರಕ್ತ ಇಲ್ಲ. ಬರೀ ಬಣ್ಣ ಹೊಂದಿಸುವ ಕೆಲಸ. ಅದನ್ನು ನನಗೇ ಹೇಳಿಕೊಡಲು ಬರುತ್ತಾರಾ ಯಾರಾದರೂ? ಕಳೆದ ವರ್ಷ ಒಂದೆರಡು ಸಲ ಹಸಿರು ಕಂಡಿದ್ದು ನಿಜ. ಆಗ ಸಿಹಿ ಬಿಟ್ಟೆ. ಈಗ ತಿಂಗಳುಗಟ್ಟಲೆಯಿಂದ ದಿನಾ ಬೆಳಿಗ್ಗೆ ನೀಲಿ. ಅಷ್ಟು ಒಳ್ಳೆಯ ನೀಲಿ ನೋಡಿ, ಮಾತ್ರೆಯನ್ನೂ ಅರ್ಧಕ್ಕೆ ಇಳಿಸಿದೆ.

ಆ ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಆಕೆಯ ಕಾರಿಗೆ ಬಣ್ಣ ಬೇಕಿದ್ದರೆ ಕಳಿಸು.

ನಿನ್ನ ಅಮ್ಮ


ಫೆಬ್ರುವರಿ ೨೬

ಮಗೂ,

ನಿನ್ನ ಚಿಕ್ಕಪ್ಪ ಬರೆಯುವುದು. ನನಗೆ ಸುತ್ತಿಗೆ ಹಿಡಿದು ಅಭ್ಯಾಸ, ಪೆನ್ನು ಹಿಡಿದಲ್ಲ. ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನೀನು ಹೇಳಿದಂತೆ ಅತ್ತಿಗೆಯ ಪಟ್ಟಿ ನೋಡಿದೆ. ಬೆಳಿಗ್ಗೆ ಬೇಗ ಹೋಗಿದ್ದೆ. ಅವರು ಪಟ್ಟಿ ಹಿಡಿದುಕೊಂಡು ಹಿತ್ತಲಿನಿಂದ ಬಂದು, "ನೋಡೋ, ಅಚ್ಚ ನೀಲಿ" ಎಂದು ನನ್ನ ಮುಖದ ಹತ್ತಿರ ತಂದರು. ಹಸಿರು. ಕಂದು ಬಣ್ಣಕ್ಕೆ ತಿರುಗುವ ಹಸಿರು. ನಾನು "ಹೂಂ ಅತ್ತಿಗೆ" ಎಂದುಬಿಟ್ಟೆ.

ಇನ್ನೊಂದು ವಿಷಯ ನಿನಗೆ ಹೇಳಬೇಕು. ಕಳೆದ ವರ್ಷದ ನಡುವಿನಿಂದ ಅವರ ಬಣ್ಣ ದಾರಿ ತಪ್ಪುತ್ತಿದೆ. ನೀಲಿಯಲ್ಲಿ, ಕೆನೆಬಿಳಿಯಲ್ಲಿ. ಅವರು ಟೀ ಕುಡಿಯಲು ಹೋದಾಗ ನಾನು ಡಬ್ಬಿ ತೆರೆದು ಒಂದೆರಡು ಹನಿ ಹಾಕಿ ಸರಿ ಮಾಡಿಡುತ್ತಿದ್ದೆ. ನನಗೇನು ಅವರಷ್ಟು ಬರುವುದಿಲ್ಲ, ಆದರೂ ಗಿರಾಕಿ ಒಪ್ಪುವಷ್ಟು ಆಗುತ್ತಿತ್ತು. ಬೇಕರಿ ವ್ಯಾನಿನ ದಿನ ಹಲ್ಲು ಕೀಳಿಸಿಕೊಂಡು ಮಲಗಿದ್ದೆ.

ಅವರಿಗೆ ಹೇಳಬೇಡ. ಅಣ್ಣ ಹೋದ ಮೇಲೆ ಅವರನ್ನು ನೆಟ್ಟಗೆ ನಿಲ್ಲಿಸಿದ್ದು ಆ ಡಬ್ಬಿಗಳೇ. ನಡೆಯುವಷ್ಟು ದಿನ ಹೀಗೇ ನಡೆಯಲಿ.

ನಿನ್ನ ಚಿಕ್ಕಪ್ಪ


ಮಾರ್ಚ್ ೩

ಅಮ್ಮಾ,

ಇದನ್ನು ಕೂತುಕೊಂಡು ಓದು. ಇದರ ಜೊತೆ ಚಿಕ್ಕಪ್ಪ ನನಗೆ ಬರೆದ ಕಾಗದವನ್ನೂ ಇಟ್ಟಿದ್ದೇನೆ. ಹೇಳಬೇಡ ಎಂದು ಅವರು ಕೇಳಿಕೊಂಡಿದ್ದರು. ಅವರ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ. ಆದರೆ ನಿನ್ನ ಕಣ್ಣಿಗೆ ಮಣ್ಣೆರಚುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಅವರದು ಪ್ರೀತಿಯೇ, ನನಗೆ ಗೊತ್ತು. ಆ ಪ್ರೀತಿಯಿಂದಲೇ ನೀನು ಹಸಿರು ಪಟ್ಟಿಯನ್ನು ನೀಲಿಯೆಂದು ನಂಬಿ ಅರ್ಧ ಮಾತ್ರೆ ನುಂಗುತ್ತಿದ್ದೀಯ.

ಬಣ್ಣ ನೋಡುವ ಕಣ್ಣಿಗೇ ಏಟು ಬಿದ್ದಿದೆ, ಏಟು ಬಿದ್ದಿದೆಯೋ ಇಲ್ಲವೋ ಎಂದು ನೀನು ಅದೇ ಕಣ್ಣನ್ನು ಕೇಳುತ್ತಿದ್ದೀಯ. ಅದು ಏನು ಹೇಳೀತು?

ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗು. ಮಾತ್ರೆ ಪೂರ್ತಿ ನುಂಗು. ಆಮೇಲೆ ಅಂಗಡಿ ಮುಚ್ಚಿ ನನ್ನ ಹತ್ತಿರ ಬಾ. ಸಾಕು ಅಮ್ಮಾ. ಕುರುಡಿಯಾದ ಅಮ್ಮನನ್ನು ನೋಡುವ ಧೈರ್ಯ ನನಗಿಲ್ಲ. ಅಷ್ಟು ಎತ್ತರದ ಕ್ರೇನ್ ಹತ್ತುವವಳು ಹೀಗೆ ಹೆದರಿದ್ದೇನೆ ಎಂದು ನಗು ಬಂದರೆ ನಗು.

ನಿನ್ನ ಮಗಳು


ಏಪ್ರಿಲ್ ೯

ಮಗಳೇ,

ನೀನು ಒಂದರ ಮೇಲೊಂದು ಬರೆದ ಕಾಗದಗಳೆಲ್ಲ ತಲುಪಿವೆ. ಉತ್ತರ ಬರೆಯಲಿಲ್ಲ. ಬರೆದಿದ್ದರೆ ಕಾಗದ ಹತ್ತಿ ಉರಿಯುತ್ತಿತ್ತು.

ನಿನ್ನ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದೆ. ಅವನು ತಟ್ಟುವುದು, ನಾನು ಉಜ್ಜುವುದು, ಮಧ್ಯೆ ರೇಡಿಯೋ ಒಂದೇ ಮಾತಾಡುವುದು. ಒಂದು ದಿನ ತಡೆಯಲಾರದೆ ಕೇಳಿದೆ, "ನನ್ನ ಡಬ್ಬಿಗೆ ಕೈ ಹಾಕೋಕೆ ನಿಂಗೆ ಯಾರೋ ಹೇಳಿದ್ರು?" ಅವನು ತಲೆ ತಗ್ಗಿಸಿ, "ನಿಮ್ಗೆ ನೋವಾಗುತ್ತೆ ಅಂತ ಅತ್ತಿಗೆ" ಎಂದ. "ಈಗ ತಣ್ಣಗಾಯ್ತಾ?" ಎಂದು ಸುತ್ತಿಗೆ ಕಿತ್ತು ಮೂಲೆಗೆ ಎಸೆದೆ. ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಆರೇಳು ತಿಂಗಳು ನನ್ನದೆಂದು ಬೀಗಿದ ಬಣ್ಣ ನನ್ನದಲ್ಲ. ಅದಕ್ಕಿಂತ ನಾಲ್ಕು ಜನರ ಮುಂದೆ ಹಸಿರು ಎಂದು ಉಗಿದ ಬೇಕರಿಯವರೇ ವಾಸಿ ಎನಿಸಿತು.

ನಿಮ್ಮಿಬ್ಬರನ್ನೂ ಸುಳ್ಳು ಮಾಡಿ ತೋರಿಸಲೆಂದೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ನಿನ್ನ ವಯಸ್ಸಿನ ಹುಡುಗಿ. ಒಂದು ತಟ್ಟೆಯ ತುಂಬ ಗುಂಡಗಿನ ಬಣ್ಣದ ಬಿಲ್ಲೆಗಳನ್ನು ಸುರಿದು, ಒಂದರ ಪಕ್ಕ ಅದಕ್ಕೆ ತೀರ ಹತ್ತಿರದ ಬಣ್ಣದ್ದನ್ನು ಇಡುತ್ತಾ ಸಾಲು ಮಾಡಿ ಎಂದಳು. ಈಜುವವಳಿಗೆ ಬಕೆಟ್ ನೀರು ತೋರಿಸಿದಂತಾಯಿತು. ಅವಳು ಪೆನ್ನಿನ ಮುಚ್ಚಳ ತೆಗೆಯುವುದರೊಳಗೆ ಜೋಡಿಸಿ ಮುಗಿಸಿ, ಇನ್ನೇನಿದೆ ಎಂದು ಕೈಕಟ್ಟಿ ಕೂತೆ. ಅವಳು ಬಿಲ್ಲೆಗಳನ್ನು ಮಗುಚಿದಳು. ಅಡಿಯಲ್ಲಿ ಅಂಕಿಗಳಿದ್ದವು. ಏಳರವರೆಗೆ ಸರಿಯಾಗಿತ್ತು. ಏಳರ ಪಕ್ಕದಲ್ಲಿ ಹದಿನೈದು ಕೂತಿತ್ತು. ಅದರ ಪಕ್ಕ ಎಂಟು, ಆಮೇಲೆ ಹದಿನಾಲ್ಕು.

"ನಿಮ್ಮ ದೀಪ ಸರಿಯಿಲ್ಲ" ಎಂದೆ.

"ಕಿಟಕಿ ಹತ್ರ ಮಾಡ್ತೀರಾ ಅಮ್ಮಾ?" ಎಂದಳು, ಸಮಾಧಾನವಾಗಿ. ತಟ್ಟೆ ಎತ್ತಿಕೊಂಡು ಕಿಟಕಿಗೆ ಹೋದೆ. ಈ ಸಲ ಒಂದೊಂದನ್ನೂ ಎತ್ತಿ, ಓರೆ ಮಾಡಿ, ಮುಚ್ಚಳದ ಬಣ್ಣ ನೋಡುವ ಹಾಗೆ ನೋಡಿ ನೋಡಿ ಇಟ್ಟೆ. ಹೊರಗೆ ಕಾದಿದ್ದವರು ಗೊಣಗಿದರು, ಗೊಣಗಲಿ ಎಂದೆ. ಮಗುಚುವ ಕೆಲಸವನ್ನೂ ಅವಳಿಗೆ ಬಿಡಲಿಲ್ಲ, ನಾನೇ ಮಗುಚಿದೆ. ಏಳರ ಪಕ್ಕ ಹದಿನೈದು.

ಮಗಳೇ, ಅವೆರಡೂ ನನ್ನ ಕಣ್ಣಿಗೆ ಅಕ್ಕತಂಗಿಯರ ಹಾಗೆ ಕಾಣುತ್ತಿದ್ದವು. ಈಗಲೂ ಕಾಣುತ್ತವೆ.

ಆಮೇಲೆ ಕಣ್ಣಿಗೆ ಹನಿ ಬಿಟ್ಟು ಒಳಗೆಲ್ಲ ನೋಡಿದಳು. ರಕ್ತ ತೆಗೆದರು. ಪಟ್ಟಿಯ ವಿಷಯ ಹೇಳಿದಾಗ ಅವಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಸಕ್ಕರೆ ಬಹಳ ದಿನದಿಂದ ಏರಿಯೇ ಇದೆಯಂತೆ. ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ನಾಳಗಳು ಅಲ್ಲಲ್ಲಿ ಸೋರುತ್ತಿವೆಯಂತೆ. ಹೋದ ಬಣ್ಣ ವಾಪಸು ಬರುತ್ತದೆಂದು ಮಾತು ಕೊಡಲಾರೆ, ಉಳಿದ ದೃಷ್ಟಿಯನ್ನು ಉಳಿಸಬಹುದು ಎಂದಳು. ಸಕ್ಕರೆ ಇಳಿಸಬೇಕು, ತಪ್ಪದೆ ತೋರಿಸಿಕೊಳ್ಳಬೇಕು, ಬೇಕಾದರೆ ಲೇಸರ್ ಮಾಡಬೇಕು. ಕೊನೆಗೆ, "ಬೇರೆ ಏನಾದ್ರೂ ಕೆಲಸ ನೋಡ್ಕೊಳ್ಳಿ ಅಮ್ಮಾ, ಇನ್ನು ಬಣ್ಣ ಬಿಡಿ" ಎಂದಳು.

"ಉಳಿದಿದ್ದೆಲ್ಲ ಕೇಳ್ತೀನಿ. ಇದನ್ನ ಕೇಳಲ್ಲ" ಎಂದು ಎದ್ದು ಬಂದೆ.

ಹೊರಗೆ ಮೆಟ್ಟಿಲ ಮೇಲೆ ಕೂತು, ಯಾವಾಗ ಹೋಯಿತು ಎಂದು ಯೋಚಿಸಿದೆ. ನೆನಪಿಗೆ ಬರಲೇ ಇಲ್ಲ. ಹೊಟ್ಟೆ ಉರಿಯುವುದು ಅದಕ್ಕೇ. ಕಳ್ಳ ಬಂದರೆ ಬಾಗಿಲಾದರೂ ಸದ್ದು ಮಾಡುತ್ತದೆ.

ನಿನ್ನ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದಿದ್ದೇನೆ. ಎಡಗೈ ಬೆರಳಿಗೆ ಚುಚ್ಚಿಕೊಳ್ಳುತ್ತೇನೆ, ಬಲಗೈ ಗನ್ನಿನದು. ಅದು ಅಂಕಿ ತೋರಿಸುತ್ತದೆ, ಅಂಕಿಗೆ ಬಣ್ಣದ ಹಂಗಿಲ್ಲ. ಮಾತ್ರೆ ಪೂರ್ತಿ ನುಂಗುತ್ತಿದ್ದೇನೆ. ಇಷ್ಟು ನಿನಗಾಗಿ. ಅಂಗಡಿಯ ಮಾತು ಮಾತ್ರ ಎತ್ತಬೇಡ.

ನಿನ್ನ ಅಮ್ಮ


ಏಪ್ರಿಲ್ ೧೬

ಅಮ್ಮಾ,

ಎತ್ತುತ್ತೇನೆ. ನಿನ್ನ ಹಟ ನನಗೂ ಬಂದಿದೆ.

ಬಣ್ಣ ಕಾಣದ ಪೇಂಟರ್ ಎಷ್ಟು ದಿನ ಅಂಗಡಿ ನಡೆಸುತ್ತಾಳೆ? ಚಿಕ್ಕಪ್ಪ ಇನ್ನು ಗುಟ್ಟಾಗಿ ಹನಿ ಹಾಕುವ ಹಾಗಿಲ್ಲ. ನೀನು ಇನ್ನು ತಿಳಿಯದವಳ ಹಾಗೆ ಇರುವಂತಿಲ್ಲ. ಬೀದಿಯಲ್ಲಿ ಇನ್ನೊಂದು ಸಲ ಹಸಿರು ಬಾಗಿಲ ಮುಂದೆ ನೀನು ನಿಲ್ಲುವುದನ್ನು ನೆನೆಸಿಕೊಂಡರೆ ನನಗೆ ಊಟ ಸೇರುವುದಿಲ್ಲ. ನಿನಗೆಂದು ಕಿಟಕಿಯ ಪಕ್ಕದ ಕೋಣೆ ಖಾಲಿ ಮಾಡಿದ್ದೇನೆ. ಮುಂದಿನ ತಿಂಗಳು ರಜೆ ಸಿಕ್ಕಿದೆ. ನಾನೇ ಬಂದು ಗಂಟುಮೂಟೆ ಕಟ್ಟಿಸಿ ಕರೆದುಕೊಂಡು ಬರುತ್ತೇನೆ. ಈ ಸಲ ನಿನ್ನ ಬಾಯಿಗೆ ನಾನು ಜಗ್ಗುವುದಿಲ್ಲ.

ನಿನ್ನ ಮಗಳು


ಮೇ ೬

ಮಗಳೇ,

ರಜೆಗೆ ಬಾ. ಆದರೆ ನನ್ನನ್ನು ತುಂಬಿಕೊಂಡು ಹೋಗಲು ಖಾಲಿ ಚೀಲ ತರಬೇಡ. ತಂದರೆ ಅದರಲ್ಲಿ ಹಳೆಯ ಪುಟ್ಟಿ ಡಬ್ಬಿ ತುಂಬಿ ಕಳಿಸುತ್ತೇನೆ.

ಬಣ್ಣ ಕಾಣದ ಪೇಂಟರ್ ಎಂದು ಬರೆದಿದ್ದೆ. ಆ ಮಾತು ನಾಟಿತು. ಎರಡು ದಿನ ನಿನ್ನನ್ನು ಶಪಿಸಿದೆ. ಮೂರನೆಯ ದಿನ, ಇವಳು ಹೇಳಿದ್ದು ನಿಜವಾದರೆ ನಿಜವನ್ನೇ ಬರೆದು ಹಾಕಿಬಿಡೋಣ ಎನಿಸಿತು. ತಗಡು ಕತ್ತರಿಸಿ, ಬಿಳಿ ಹೊಡೆದು, ಕಪ್ಪಿನಲ್ಲಿ ಬರೆದೆ. ಕಪ್ಪು ಇನ್ನೂ ನನ್ನ ಕೈ ಬಿಟ್ಟಿಲ್ಲ. ಬಾಗಿಲ ಮೇಲೆ ಏರಿಸಿರುವ ಬೋರ್ಡು ಇದು:

"ಸಕ್ಕರೆ ಕಾಯಿಲೆಯಿಂದ ಈ ಅಂಗಡಿಯ ಪೇಂಟರಿಗೆ ನೀಲಿ, ಹಸಿರು, ತಿಳಿ ಹಳದಿ ಸರಿಯಾಗಿ ಕಾಣುವುದಿಲ್ಲ. ಬಣ್ಣ ನೋಡಿ ಹೇಳುವವನು ಮೈದುನ. ಬೆರೆಸುವವಳು, ಹೊಡೆಯುವವಳು ನಾನು. ಗಿರಾಕಿ ಬಿಸಿಲಿನಲ್ಲಿ ಕಾರ್ಡು ನೋಡಿ ಒಪ್ಪಿದ ಮೇಲೇ ಗಾಡಿಗೆ ಬಣ್ಣ. ಒಪ್ಪಿಗೆಯಿಲ್ಲದವರಿಗೆ ಎದುರಂಗಡಿ ಇದೆ."

ನಿನ್ನ ಚಿಕ್ಕಪ್ಪ ಓದಿ ಬೆವರು ಒರೆಸಿಕೊಂಡ. "ಇದನ್ನ ಹಾಕಿದ್ರೆ ಒಂದು ನೊಣಾನೂ ಬರಲ್ಲ ಅತ್ತಿಗೆ."

"ಬರದಿದ್ರೆ ಬೇಡ. ಕದ್ದು ಹನಿ ಹಾಕಿಸ್ಕೊಂಡು ಬದುಕೋದು ನಂಗೆ ಬೇಡ. ಇನ್ಮೇಲೆ ಹೇಳೋದಿದ್ರೆ ನನ್ನ ಎದುರಿಗೇ ಹೇಳು. ಜೋರಾಗಿ ಹೇಳು, ಕಿವೀನೂ ಮಂದ, ಗೊತ್ತಲ್ಲ."

ಅವನಿಗೆ ಇದನ್ನು ಕಲಿಸುವುದೇ ದೊಡ್ಡ ಪಾಡಾಯಿತು. ಕಾರ್ಡು ಹಿಡಿದು ಹೇಗಿದೆ ಎಂದರೆ "ಚೆನ್ನಾಗಿದೆ ಅತ್ತಿಗೆ" ಎನ್ನುತ್ತಾನೆ. ಚೆನ್ನಾಗಿದೆ ಅಂದರೆ ಏನೋ, ಹಸಿರು ಜಾಸ್ತಿಯಾ, ಕಪ್ಪು ಕಡಿಮೆಯಾ, ಬಾಯಿ ಬಿಡೋ ಎಂದು ಹಿಂಡುತ್ತೇನೆ. ಹಿಂಡಿ ಹಿಂಡಿ ಈಗ "ಸ್ವಲ್ಪ ಹಸಿರಿಗೆ ಎಳೀತಿದೆ" ಎನ್ನುವಷ್ಟಾಗಿದ್ದಾನೆ. ಅವನು ಎಳೆಯುತ್ತಿದೆ ಎಂದರೆ ಯಾವ ಟಿಂಟು, ಎಷ್ಟು ಹನಿ ಎಂಬುದು ನನಗೆ ಗೊತ್ತು. ಅದು ಕಣ್ಣಿನಲ್ಲಿಲ್ಲ, ತಲೆಯಲ್ಲಿದೆ.

ನೊಣ ಬರಲಿಲ್ಲ, ಅವನ ಮಾತು ನಿಜವಾಯಿತು. ಬಂದವರು ಬೋರ್ಡು ಓದಿ, ನನ್ನ ಮುಖ ನೋಡಿ, ಏನೋ ನೆನಪಾದವರಂತೆ ತಿರುಗಿ ಎದುರಂಗಡಿಗೆ ಹೋದರು. ನಾನು ಬೋರ್ಡು ಇಳಿಸಲಿಲ್ಲ. ಕಂಪ್ರೆಸರ್ ಒರೆಸಿದೆ, ಗನ್ನು ಬಿಚ್ಚಿ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಒಂದೆರಡು ಸಲ ನಿನ್ನ ಕಿಟಕಿಯ ಕೋಣೆ ನೆನಪಾಗಿದ್ದೂ ಸುಳ್ಳಲ್ಲ. ಹೆದರಿಕೆಯಾಗಿತ್ತು ಮಗಳೇ, ನಿನಗೆ ಮಾತ್ರ ಹೇಳುತ್ತಿದ್ದೇನೆ.

ಮೊನ್ನೆ ಬೇಕರಿಯವರು ಬಂದರು. ಬಾಗಿಲು ಇನ್ನೂ ಹಾಗೇ ಇತ್ತು, ಎದುರಂಗಡಿಗೂ ಒಯ್ದಿರಲಿಲ್ಲ. ಬೋರ್ಡನ್ನು ಒಂದು ಸಲ ಓದಿದರು, ಹಿಂದಕ್ಕೆ ಸರಿದು ಇನ್ನೊಂದು ಸಲ ಓದಿದರು.

"ಅವತ್ತು ಗೊತ್ತಿರ್ಲಿಲ್ಲ ಮೇಡಂ. ಪಾಪ, ನಿಮ್ಗೆ ಹೀಗೆ ಅಂತ..."

"ಪಾಪ ಎಲ್ಲ ನಿಮ್ಮ ಬೇಕರಿಲಿ ಇಟ್ಕೊಳ್ಳಿ. ನಿಮ್ಮ ಬಾಗಿಲು ಹಸಿರು. ಅವತ್ತು ನೀವು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು. ಈಗ ಸರಿ ಮಾಡ್ಬೇಕು."

ಅವರು ಚಿಕ್ಕಪ್ಪನ ಕಡೆ ನೋಡಿದರು, ಎದುರಂಗಡಿಯ ಕಡೆ ನೋಡಿದರು. "ಮತ್ತೆ ನೀವೇ ಹೊಡೀತೀರಾ?"

"ಬೋರ್ಡು ಓದಿದ್ರಲ್ಲ? ಕೀ ಕೊಡಿ."

ಕೊಟ್ಟರು.

ಮುಚ್ಚಳ ಬಿಚ್ಚಿ ತಂದೆವು. ಚಿಕ್ಕಪ್ಪ ಬೀದಿಗೆ ಕೇಳಿಸುವಂತೆ "ಹಸಿರು ಜಾಸ್ತಿಯಾಯ್ತು! ಈಗ್ಲೂ ಜಾಸ್ತೀನೇ!" ಎಂದು ಕೂಗಿದ, ನಾನು ಬೆರೆಸಿದೆ, ಬೇಕರಿಯವರು ಕಾರ್ಡುಗಳನ್ನು ಬಿಸಿಲಿಗೆ ಹಿಡಿದು ಒಂದೊಂದಾಗಿ ಬೇಡ ಎಂದರು, ಕೊನೆಗೊಂದನ್ನು ಒಪ್ಪಿದರು. ಆಮೇಲೆ ಮಾಸ್ಕ್ ಹಾಕಿಕೊಂಡು ಗನ್ನು ಹಿಡಿದೆ. ಮಾಸ್ಕಿನೊಳಗೆ ಅಳುತ್ತಿದ್ದೆ, ಕೈ ತನ್ನ ಕೆಲಸ ಬಿಡಲಿಲ್ಲ. ಒಂದು ಕಡೆಯೂ ಬಣ್ಣ ಇಳಿಯಲಿಲ್ಲ, ಒಂದು ಕಡೆಯೂ ತರಿ ಏಳಲಿಲ್ಲ. ಒಣಗಿದ ಮೇಲೆ ಅಂಗೈ ಸವರಿ ನೋಡಿದರೆ ಗಾಜು.

ವ್ಯಾನನ್ನು ಬಿಸಿಲಿಗೆ ತೆಗೆದಾಗ ಟೈರ್ ಅಂಗಡಿಯವನು, ಎದುರಂಗಡಿಯವನು, ಎಲ್ಲ ಬಂದು ನಿಂತರು. ಈ ಸಲ ಯಾರ ಬಾಯಲ್ಲೂ ಹಸಿರು ಬರಲಿಲ್ಲ. ಬಾಗಿಲು ನೀಲಿಯಾಗಿದೆಯಂತೆ. ಅದು ನನ್ನ ಕಣ್ಣಿಗೆ ಹಾಗೆ ಕಾಣುವುದಿಲ್ಲ, ಇನ್ನು ಮುಂದೆಯೂ ಕಾಣಲಿಕ್ಕಿಲ್ಲ. ಅದನ್ನು ಮಾಡಿದವಳು ಮಾತ್ರ ನಾನೇ.

ನಿನ್ನ ಅಮ್ಮ,
ಪೇಂಟರ್